ಬರುವಂತಿಲ್ಲ, ಬಂದರೆ ಇರಬಹುದು

ನನ್ನ ಕಪಾಟಿನಲ್ಲಿ, ಇಸ್ತ್ರಿಪೆಟ್ಟಿಗೆಯ ಹಿಂದೆ, ಬಹಳ ಕಾಲ ಒಂದು ನಿಷೇಧಿತ ವಸ್ತು ಇತ್ತು. ಹೀಗೆಂದ ಕೂಡಲೇ ನೀವು ಏನನ್ನೋ ಊಹಿಸಿಕೊಂಡಿರುತ್ತೀರಿ. ಊಹಿಸಿಕೊಳ್ಳಿ, ನನ್ನಂಥ ಸಪ್ಪೆ ಮನುಷ್ಯನಿಗೆ ಅದರಿಂದ ಒಂದಿಷ್ಟು ಖದರು ಬರುತ್ತದೆ. ನಿಜ ಹೇಳಬೇಕೆಂದರೆ ಅದೊಂದು ವಿಡಿಯೋ ಗೇಮ್‌ನ ಡಿಸ್ಕ್. ಬೆಂಗಳೂರಿನ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಿದ್ದದ್ದು. ಆಸ್ಟ್ರೇಲಿಯಾದ ನೆಲ ಮುಟ್ಟಿದ ಕೂಡಲೇ ನಿಷಿದ್ಧವಾಯಿತು.

ಆ ದಿನಗಳಲ್ಲಿ, ಅಂದರೆ 2013ಕ್ಕೆ ಮುಂಚೆ, ಈ ದೇಶದಲ್ಲಿ ಸಿನಿಮಾಕ್ಕೆ ಹದಿನೆಂಟು ದಾಟಿದವರ ದರ್ಜೆ ಇತ್ತು, ಗೇಮ್‌ಗೆ ಇರಲಿಲ್ಲ. ಗೇಮ್‌ಗಳ ಅತಿ ಮೇಲಿನ ದರ್ಜೆ ಹದಿನೈದಕ್ಕೇ ನಿಂತುಬಿಡುತ್ತಿತ್ತು. ಹದಿನೈದರ ಒಳಗಿನವರು ಅದನ್ನು ಕೊಳ್ಳಬೇಕಾದರೆ ಜೊತೆಯಲ್ಲಿ ಒಬ್ಬ ದೊಡ್ಡವರು ಇರಬೇಕು. ಅದಕ್ಕಿಂತ ಕ್ರೂರವಾದ ಗೇಮ್‌ಗೆ ದರ್ಜೆಯೇ ಇಲ್ಲ. ದರ್ಜೆ ಇಲ್ಲದ್ದನ್ನು ಮಾರುವಂತಿಲ್ಲ, ಹೊರಗಿನಿಂದ ತರುವಂತಿಲ್ಲ. ಹಾಗಾಗಿ ಗೇಮ್ ಮಾಡುವವರು ರಕ್ತ, ಹೆಣ ಎಲ್ಲವನ್ನೂ ಕತ್ತರಿಸಿ ಈ ದೇಶಕ್ಕೆಂದೇ ಒಂದು ಆವೃತ್ತಿ ಕಳಿಸುತ್ತಿದ್ದರು. ತೆರಿಗೆ ಕಟ್ಟುವ, ಸೊಂಟನೋವಿರುವ, ತಲೆ ನರೆಯಲು ಶುರುವಾದ ಗಂಡಸಿಗೂ ಗೇಮ್ ಆಡುವ ಹೊತ್ತಿಗೆ ವಯಸ್ಸು ಹದಿನೈದೇ.

ಮಾರುವಂತಿಲ್ಲ, ತರುವಂತಿಲ್ಲ ಸರಿ. ಮನೆಯಲ್ಲಿ ಇಟ್ಟುಕೊಂಡು ಆಡಬಹುದೇ? ನಾರ್ತ್ ಸಿಡ್ನಿಯ ನನ್ನ ಆಫೀಸಿನಲ್ಲಿ, ಕಾನೂನು ಓದುವುದನ್ನು ಅರ್ಧಕ್ಕೆ ಬಿಟ್ಟು ಕಂಪ್ಯೂಟರಿಗೆ ಬಂದಿದ್ದ ಸಹೋದ್ಯೋಗಿಯೊಬ್ಬನಿದ್ದ. ಅರ್ಧ ಓದಿದವರಿಗಿರುವ ಪೂರ್ಣ ವಿಶ್ವಾಸದಿಂದ ಅವನು ಉತ್ತರಿಸಿದ್ದ: ಮಾರಿದರೆ ಅಪರಾಧ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಹೇಗೋ ಒಳಗೆ ಬಂದು ನಿನ್ನ ಮನೆ ಸೇರಿತೆಂದರೆ, ಸಿಡ್ನಿಯಲ್ಲೋ ಮೆಲ್ಬರ್ನಿನಲ್ಲೋ ನೀನು ಬಾಗಿಲು ಹಾಕಿಕೊಂಡು ಆಡುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಪಶ್ಚಿಮದ ರಾಜ್ಯಕ್ಕೆ ಮಾತ್ರ ಒಯ್ಯಬೇಡ, ಅಲ್ಲಿ ಇಟ್ಟುಕೊಳ್ಳುವುದೂ ತಪ್ಪು.

ಬರುವಂತಿಲ್ಲ, ಬಂದರೆ ಇರಬಹುದು. ನಮ್ಮ ತಿಪಟೂರಿನ ಕಡೆ ದೆವ್ವಗಳಿಗೆ ಅನ್ವಯವಾಗುತ್ತಿದ್ದದ್ದು ಇದೇ ಕಾನೂನು. ಹೊಸ್ತಿಲಿಗೆ ಮೊಳೆ ಹೊಡೆದು, ಬಾಗಿಲಿಗೆ ನಿಂಬೆಹಣ್ಣು ಕಟ್ಟಿ ತಡೆಯಬಹುದು. ಒಳಗೆ ಬಂದುಬಿಟ್ಟರೆ ಯಾರೂ ಏನೂ ಮಾಡುವಂತಿಲ್ಲ, ಅದರ ಪಾಡಿಗೆ ಅದು, ನಿಮ್ಮ ಪಾಡಿಗೆ ನೀವು. ಇದನ್ನು ನಾನು ಮೆಲ್ವಿನ್‌ಗೆ ಹೇಳಿದಾಗ ಅವನು ನಗಲಿಲ್ಲ. "ನನ್ನದು ಉಲ್ಟಾ ಮಾರಾಯ," ಎಂದ. "ನಾನು ಇರ್ಬಹುದು. ಹೋದ್ರೆ ವಾಪಸ್ ಬರುವ ಹಾಗಿಲ್ಲ."

ಮೆಲ್ವಿನ್ ಬಂಟ್ವಾಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ನ. ಸಿಡ್ನಿಯಲ್ಲಿ ಓದುವಾಗಿನಿಂದ ನನ್ನ ಜೊತೆಗಾರ. ನನಗೆ ಪಿಆರ್, ಅಂದರೆ ಇಲ್ಲಿ ಖಾಯಮ್ಮಾಗಿ ನೆಲೆಸುವ ಪರವಾನಗಿ, ಸಿಕ್ಕಿತ್ತು. ಅವನ ಅರ್ಜಿ ಎಲ್ಲೋ ಒಂದು ಮೇಜಿನ ಮೇಲೆ ಮಲಗಿತ್ತು, ಅವನು ಬ್ರಿಡ್ಜಿಂಗ್ ವೀಸಾದಲ್ಲಿದ್ದ. ಬ್ರಿಡ್ಜ್ ಎಂದರೆ ಸೇತುವೆ. ಸೇತುವೆಯ ಮೇಲೆ ನಿಂತಿರಬಹುದು, ಬೇರೆ ಅನುಮತಿ ಪಡೆಯದೆ ಇಳಿದರೆ ಮತ್ತೆ ಹತ್ತಲಾಗದು.

ಆ ಗೇಮ್‌ನ ಕತ್ತರಿಸಿದ ಆವೃತ್ತಿಯನ್ನು ನಾವಿಬ್ಬರೂ ಸಿಡ್ನಿಯ ಬಾಡಿಗೆ ಯೂನಿಟ್ಟಿನಲ್ಲಿ ಆಡಿದ್ದೆವು. ಜನರಿಲ್ಲದ ಒಂದು ಊರು, ನೀರು ನಿಂತ ಬೀದಿಗಳು, ಸೋಂಕು ತಗುಲಿ ಮನುಷ್ಯತ್ವ ಕಳೆದುಕೊಂಡವರು ಬಾಗಿಲ ಮರೆಯಿಂದ ಬರುತ್ತಾರೆ, ಹೊಡೆದುರುಳಿಸಬೇಕು. ನಮ್ಮ ಆವೃತ್ತಿಯಲ್ಲಿ ಹೊಡೆದ ಕೂಡಲೇ ಅವರು ಮಾಯವಾಗುತ್ತಿದ್ದರು. ಬೀಳುವುದಕ್ಕೂ ಮೊದಲೇ, ಗಾಳಿಯಲ್ಲೇ. ವಿಚಿತ್ರವೆಂದರೆ ಕತ್ತರಿಸಿದವರು ಚಿತ್ರ ತೆಗೆದಿದ್ದರು, ಸದ್ದು ತೆಗೆದಿರಲಿಲ್ಲ. ಧೊಪ್ಪೆಂದು ಬಿದ್ದ ಸದ್ದು ಕೇಳುತ್ತಿತ್ತು, ಬಿದ್ದವನಿಲ್ಲ.

"ಯಕ್ಷಗಾನದಲ್ಲಾದ್ರೆ ಸತ್ತ ರಾಕ್ಷಸ ಎದ್ದು ಚೌಕಿಗೆ ಹೋಗ್ತಾನೆ, ವೇಷ ಬಿಚ್ತಾನೆ, ಚಾ ಕುಡೀತಾನೆ," ಎಂದ ಮೆಲ್ವಿನ್. "ಇವನು ಎಲ್ಲಿಗೆ ಹೋಗುದು?"

ನಮ್ಮ ಹಳೆಯ ಸಂಸ್ಕೃತ ನಾಟಕದವರೂ ರಂಗದ ಮೇಲೆ ಸಾವನ್ನು ತೋರಿಸಬಾರದು ಎನ್ನುತ್ತಿದ್ದರಂತೆ. ಅವರು ಬುದ್ಧಿವಂತರು, ಸಾವನ್ನು ತೆರೆಯ ಹಿಂದಕ್ಕೆ ಕಳಿಸಿ ಬಂದು ಸುದ್ದಿ ಹೇಳುವುದಕ್ಕೆ ಒಬ್ಬ ದೂತನನ್ನಿಡುತ್ತಿದ್ದರು. ಇಲ್ಲಿ ದೂತನೂ ಇಲ್ಲ. ಕ್ರೌರ್ಯ ಕಡಿಮೆ ಮಾಡಲು ಹೊರಟವರು ಹೆದರಿಕೆಯನ್ನು ಇಮ್ಮಡಿ ಮಾಡಿದ್ದರು. ಇನ್ನೊಂದು ತೊಂದರೆಯೂ ಇತ್ತು. ಹೆಣಗಳು ಉಳಿಯದ ಕಾರಣ ಯಾವ ಓಣಿಯನ್ನು ದಾಟಿಯಾಯಿತು, ಯಾವುದು ಹೊಸತು ಎಂದು ತಿಳಿಯುತ್ತಿರಲಿಲ್ಲ. ಚೊಕ್ಕಟ ಓಣಿಗಳಲ್ಲಿ ಸುತ್ತಿದ್ದಲ್ಲೇ ಸುತ್ತುತ್ತಿದ್ದೆವು.

ಇದೆಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ, ಎಂದು ಬರೆಯುವವನಿದ್ದೆ. ತಡೆದೆ. ನಾನು ದಿನಚರಿ ಬರೆಯುವುದೇ ನೆನಪನ್ನು ನಂಬದ್ದರಿಂದ. ಆದರೆ ದಿನಚರಿಯನ್ನು ಬರೆಯುವುದು ಆ ನೆನಪೇ ಆದ್ದರಿಂದ ಅದನ್ನೂ ನಂಬುವುದಿಲ್ಲ. ಮುಂದೆ ಮೆಲ್ಬರ್ನಿನಲ್ಲಿ ಕತ್ತರಿಸದ ಆವೃತ್ತಿಯನ್ನು ಮೊದಲ ಬಾರಿ ಹಾಕಿದಾಗ, ಒಂದು ಮೆಟ್ಟಿಲ ಬುಡದಲ್ಲಿ ಗೋಡೆಗೊರಗಿ ಬಿದ್ದವನನ್ನು ಕಂಡು ನಾನು, "ಇವನನ್ನ ಸಿಡ್ನಿಯಲ್ಲೇ ನೋಡಿದ್ವಲ್ಲ" ಎಂದೆ. ಮೆಲ್ವಿನ್ ನನ್ನ ಮುಖ ನೋಡಿದ. ಸಿಡ್ನಿಯ ಆವೃತ್ತಿಯಲ್ಲಿ ಅವನು ಇರುವುದಕ್ಕೆ ಸಾಧ್ಯವೇ ಇರಲಿಲ್ಲ. ಆದರೂ ನಾನು ನೋಡಿದ್ದೆ. ಬಿದ್ದ ಸದ್ದಿಗೆ ಒಂದು ದೇಹವನ್ನು ನನ್ನ ತಲೆ ತಾನೇ ಹೊಲಿದು ಇಟ್ಟುಕೊಂಡಿತ್ತು, ಅದೂ ಗೋಡೆಗೊರಗಿಸಿ.

ಆದರೆ ಆ ಡಿಸ್ಕ್ ಬಂದ ಕತೆಗೆ ಮುಂಚೆ ಇನ್ನೊಂದು ಕತೆಯಿದೆ.

ನಾವಿಬ್ಬರೂ ಕೆಲಸ ಬದಲಿಸಿ ಮೆಲ್ಬರ್ನಿಗೆ ಬಂದು ಊರಂಚಿನ ಟಾರ್ನೀಟ್‌ನಲ್ಲಿ ಒಂದು ಮನೆ ಹಿಡಿದೆವು. ಆಗಿನ್ನೂ ಅಲ್ಲಿಗೆ ರೈಲು ಬಂದಿರಲಿಲ್ಲ. ಅರ್ಧ ಕಟ್ಟಿದ ಮನೆಗಳ ಸಾಲು, ಹೆಸರು ಬರೆದ ಫಲಕಗಳಿದ್ದೂ ಮನೆಗಳಿಲ್ಲದ ಬೀದಿಗಳು. ಗೇಮ್‌ನೊಳಗಿನ ಊರೇ, ನೀರು ಮಾತ್ರ ಇಲ್ಲ. ಮೊದಲ ಚಳಿಗಾಲದಲ್ಲಿ ಮೆಲ್ವಿನ್ ಒಂದು ಕಂದು ಬಣ್ಣದ ಉಣ್ಣೆಯ ಕೋಟು ತಂದ. ಅವನ ಅಳತೆಯದಲ್ಲ. "ಪಪ್ಪನಿಗೆ," ಎಂದ. ಪಿಆರ್ ಆದ ಮೇಲೆ ಅಪ್ಪನನ್ನು ಕರೆಸುವುದು, ಅವರು ಹುಟ್ಟಿದಾಗಿನಿಂದ ಕರಾವಳಿ ಬಿಟ್ಟವರಲ್ಲ, ಈ ಚಳಿಗೆ ಬೇಕಾಗುತ್ತದೆ. ಅದನ್ನು ಹಜಾರದ ಕೊಕ್ಕೆಗೆ ತೂಗುಹಾಕಿದ. ಸೋಫಾದಲ್ಲಿ ಕೂತು ಆ ಕಡೆ ತಿರುಗಿದರೆ ಯಾರೋ ನಮಗೆ ಬೆನ್ನು ಹಾಕಿ, ಶೂ ಕಳಚಲೆಂದು ಗೋಡೆ ಹಿಡಿದು ನಿಂತಂತೆ ಕಾಣುತ್ತಿತ್ತು. ನಾನು ದಿನಾ ಬೆಚ್ಚುತ್ತಿದ್ದೆ. "ಒಳಗೆ ಇಡೋ," ಎಂದರೆ, "ಮಡಚಿದ್ರೆ ಗೆರೆ ಬೀಳ್ತದೆ," ಎನ್ನುತ್ತಿದ್ದ.

ನಮ್ಮ ಜನ ಪರದೇಶದಲ್ಲಿರುವವರಿಗೆ ಸಾವನ್ನು ಕಂತಿನಲ್ಲಿ ಕಳಿಸುತ್ತಾರೆ. ಸ್ವಲ್ಪ ಹುಷಾರಿಲ್ಲ ಎಂದರೆ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿಯಬೇಕು. ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರೆ ಐಸಿಯು. ಐಸಿಯು ಎಂದರೆ ಅಂಗಳದಲ್ಲಿ ಆಗಲೇ ಕುರ್ಚಿ ಹಾಕಿಸುತ್ತಿದ್ದಾರೆ. ಮೆಲ್ವಿನ್‌ನ ಅಕ್ಕ ಗ್ಲಾಡಿಸ್ ಊರಿನಿಂದ ಫೋನ್ ಮಾಡಿ, "ಪಪ್ಪನಿಗೆ ಸ್ವಲ್ಪ ಜ್ವರ," ಎಂದಾಗ ಈ ಲೆಕ್ಕವನ್ನು ಹಾಕಬೇಕಿತ್ತು, ಇಬ್ಬರೂ ಹಾಕಲಿಲ್ಲ. ನಿಜ ತಿಳಿದು, ವಾಪಸ್ ಬರಲು ಬೇಕಾದ ಅನುಮತಿಗೆ ಅರ್ಜಿ ಹಾಕಿ, ಅದು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಇನ್ನು ಬಂದು ಎಂತ ಮಾಡ್ತಿ, ಪಿಆರ್ ಆದ್ಮೇಲೆ ಬಾ," ಎಂದರು ಮನೆಯವರು.

ಮೆಲ್ವಿನ್ ಅಳಲಿಲ್ಲ. ಕೆಲಸಕ್ಕೆ ಹೋದ, ಬಂದ. ಭಾನುವಾರ ಮಧ್ಯಾಹ್ನಗಳಲ್ಲಿ ಮಾತ್ರ ಕಂಪ್ಯೂಟರ್ ತೆರೆದು ಸುಮ್ಮನೆ ಕೂರುತ್ತಿದ್ದ. ವಿಡಿಯೋ ಕರೆಯ ಪಟ್ಟಿಯಲ್ಲಿ ಪಪ್ಪನ ಹೆಸರು ಇನ್ನೂ ಇತ್ತು. ಅವರು ಮಗನಿಗೆ ಕರೆ ಮಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಆ ಹೆಸರಿನ ಪಕ್ಕ ಹಸಿರು ಚುಕ್ಕೆ ಹತ್ತಿಕೊಳ್ಳುತ್ತಿತ್ತು. ಮೊದಲ ಸಲ ಕಂಡಾಗ ನಾನು ಲೋಟ ಕೆಳಗಿಟ್ಟು ಅವನ ಹಿಂದೆ ಬಂದು ನಿಂತೆ.

"ಅಕ್ಕನ ಮಗಳು ಆ ಕಂಪ್ಯೂಟರಲ್ಲಿ ಆಡ್ಲಿಕ್ಕೆ ಕೂತ್ಕೊಳ್ಳುದು," ಎಂದ ಮೆಲ್ವಿನ್, ತೆರೆಯಿಂದ ಕಣ್ಣು ತೆಗೆಯದೆ. "ಗೊತ್ತುಂಟು ನಂಗೆ."

ಗೊತ್ತಿದ್ದೂ ಕೂರುತ್ತಿದ್ದ. ಒಮ್ಮೆ ನನ್ನನ್ನು ಕೇಳಿದ: "ಪಪ್ಪ ಸತ್ತದ್ದು ಅಂತ ನಂಗೆ ಹೇಗೆ ಗೊತ್ತು, ಹೇಳು. ಫೋನಲ್ಲಿ ಹೇಳಿದ್ರು, ಅಷ್ಟೇ ಅಲ್ವಾ? ಮುಖ ನೋಡಿದ್ರೆ ಮುಗೀತಿತ್ತು."

ಮುಖ ನೋಡುವುದಕ್ಕೆ ಒಂದು ದಾರಿಯಿತ್ತು. ಅವರ ಕಡೆ ಶವಸಂಸ್ಕಾರವನ್ನು ಮದುವೆಯಂತೆಯೇ ವಿಡಿಯೋ ಮಾಡಿಸುತ್ತಾರೆ. ಗಲ್ಫ್‌ನಲ್ಲೋ ಇನ್ನೆಲ್ಲೋ ಇರುವವರಿಗೆ ನೋಡಲಿಕ್ಕೆಂದು. ಶವಪೆಟ್ಟಿಗೆಯ ಸುತ್ತ ನಿಂತು ಕುಟುಂಬದ ಫೋಟೊ ತೆಗೆಸುತ್ತಾರೆ. ನನಗೆ ಮೊದಲು ಇದು ವಿಚಿತ್ರವೆನಿಸಿತ್ತು. ಈಗ ಅನಿಸುತ್ತದೆ, ಮಕ್ಕಳನ್ನು ಕಡಲಾಚೆ ಕಳಿಸಿ ಕಳಿಸಿ ರೂಢಿಯಾದವರು ಕಂಡುಕೊಂಡ ಉಪಾಯ ಇದು.

ಆ ವಿಡಿಯೋ ತಂದವರು ಪಕ್ಕದ ಬಡಾವಣೆ ಟ್ರುಗನಿನಾದ ಶೈಲಾ ಆಂಟಿ. ಊರಿಗೆ ಹೋದವರು ವಾಪಸಾಗುವಾಗ ಇಡೀ ಸಬರ್ಬಿನ ಸಾಮಾನು ತರಬೇಕೆಂಬುದು ಇಲ್ಲಿನ ಅಲಿಖಿತ ನಿಯಮ. ಗ್ಲಾಡಿಸ್ ಕೊಟ್ಟ ಡಿವಿಡಿಯ ಜೊತೆ, ನಾನು ಬೆಂಗಳೂರಿನಿಂದ ತರಿಸಿದ ಗೇಮ್ ಡಿಸ್ಕೂ ಅವರ ಪೆಟ್ಟಿಗೆ ಸೇರಿತು. ಅದು ನಿಷಿದ್ಧವೆಂದು ಆಂಟಿಗೆ ಗೊತ್ತಿರಲಿಲ್ಲ. ತಂದದ್ದನ್ನೆಲ್ಲ ಕಸ್ಟಮ್ಸ್‌ನವರಿಗೆ ಡಿಕ್ಲೇರ್ ಮಾಡಿದರೆ ಯಾವ ತೊಂದರೆಯೂ ಇಲ್ಲ ಎಂಬುದು ಅವರ ಧರ್ಮ. ಹಪ್ಪಳ, ಸಂಡಿಗೆ, ಕೊನೆಗೆ ಹಣೆಗೆ ಹಚ್ಚಿದ್ದ ವಿಭೂತಿಯನ್ನೂ ಡಿಕ್ಲೇರ್ ಮಾಡುವವರು.

"ಅಯ್ಯೋ ರಘು, ಆ ಆಫೀಸರ್ ಉಪ್ಪಿನಕಾಯಿ ಜಾರನ್ನ ಮೂಸಿ ಮೂಸಿ ನೋಡ್ದ ಕಣೋ," ಎಂದರು ಆಂಟಿ, ಸಾಮಾನು ಕೊಡುವಾಗ. "ಸೀಡ್ಸ್ ಇದ್ಯಾ ಅಂದ. ಮೆಂತ್ಯ ಅಂದೆ. ಇಲ್ಲಿಗೆ ಬೀಜ ತರೋ ಹಾಗಿಲ್ವಲ್ಲ, ಅಲ್ಲಿಂದ ಶುರುವಾಯ್ತು ನೋಡು ವಿಚಾರಣೆ."

"ಡಿಸ್ಕ್ ಏನೂ ಕೇಳಲಿಲ್ವಾ ಆಂಟಿ?"

"ಕೇಳ್ದ. ಮೂವೀಸಾ ಅಂದ. ಫ್ಯಾಮಿಲಿ ಫಂಕ್ಷನ್ ಅಂದೆ. ಎರಡಕ್ಕೂ ಸೇರ್ಸಿ."

ಹಾಗೆ, ಮೆಂತ್ಯದ ಕಾಳಿನ ಮರೆಯಲ್ಲಿ, ಒಂದು ಊರಿನ ಸೋಂಕಿತರೂ ಮೆಲ್ವಿನ್‌ನ ತಂದೆಯೂ ಒಂದೇ ಕುಟುಂಬವಾಗಿ ಈ ದೇಶದೊಳಕ್ಕೆ ಬಂದರು.

ಗೇಮ್‌ನ ಬಗ್ಗೆ ಹೇಳಿದೆನಲ್ಲ: ಕತ್ತರಿಸದ ಆವೃತ್ತಿಯಲ್ಲಿ ಬಿದ್ದವರು ಬಿದ್ದಲ್ಲೇ ಇರುತ್ತಿದ್ದರು. ಅಸಹ್ಯವಾಗಿತ್ತು, ನಿಜ. ಆದರೆ ದಾರಿ ತಪ್ಪುತ್ತಿರಲಿಲ್ಲ. ಇವನನ್ನು ದಾಟಿ ಬಂದೆವು, ಮುಂದೆ ಹೊಸ ಓಣಿ ಎಂದು ತಿಳಿಯುತ್ತಿತ್ತು.

ಡಿವಿಡಿಯ ವಿಷಯ ಬೇರೆಯಾಯಿತು. ಇಬ್ಬರೂ ಸೋಫಾದಲ್ಲಿ ಕೂತು ನೋಡಿದೆವು. ಚರ್ಚಿನ ಗಂಟೆ, ಅಂಗಳದ ಕುರ್ಚಿಗಳು, ಮಡಚಿದ ಕೊಡೆ ಹಿಡಿದ ಗಂಡಸರು. ಪೆಟ್ಟಿಗೆ ಬಂತು. ಮುಚ್ಚಳ ತೆರೆಯಬೇಕು ಎನ್ನುವಷ್ಟರಲ್ಲಿ ತೆರೆಯ ತುಂಬ ಗುಲಾಬಿ ಹೂಗಳು ಅರಳಿದವು. ಸ್ಟುಡಿಯೋದವರು ಚಿತ್ರದ ಮೇಲೆ ಹೂ ಮುಚ್ಚಿದ್ದರು; ಸದ್ದನ್ನು ತೆಗೆಯಲು ಮರೆತಿದ್ದರು. ಹೂಗಳ ಹಿಂದೆ ಜನ ಅಳುತ್ತಿದ್ದರು. ಯಾರೋ ಕುಸಿದು ಕೂತ ಸದ್ದು. ಆಮೇಲೆ ಒಂದು ಹೆಂಗಸಿನ ದನಿ, "ಮೆಲ್ವಿನ್... ಮೆಲ್ವಿನ್..." ಎಂದು ಕರೆಯತೊಡಗಿತು. ಅದು ಅವನ ತಾಯಿಯದು. ತೆರೆಯಲ್ಲಿ ಗುಲಾಬಿಗಳು ಒಂದರೊಳಗೊಂದು ಕರಗುತ್ತಲೇ ಇದ್ದವು.

ಕೊನೆಯಲ್ಲಿ ಕುಟುಂಬದ ಫೋಟೊ ಬಂತು. ಪೆಟ್ಟಿಗೆಯ ತಲೆಯ ಭಾಗವನ್ನು ಬಿಟ್ಟು ಚೌಕಟ್ಟು ಕತ್ತರಿಸಿದ್ದರು. ತಾಯಿ, ಗ್ಲಾಡಿಸ್, ಆಕೆಯ ಗಂಡ, ಮಗಳು. ತಾಯಿಯ ಬಲಕ್ಕೆ ಮೆಲ್ವಿನ್ ನಿಂತಿದ್ದ. ವೀಸಾಕ್ಕೆಂದು ತೆಗೆಸಿದ್ದ ಫೋಟೊದಿಂದ ತಲೆಯನ್ನೂ ಯಾರದೋ ಮದುವೆಯ ಸೂಟಿನಿಂದ ಮೈಯನ್ನೂ ತಂದು ಜೋಡಿಸಿದ್ದರು. ಅವನೊಬ್ಬನೇ ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದ. ಅವನ ನೆರಳು ಮಾತ್ರ ಎಲ್ಲಿಯೂ ಬಿದ್ದಿರಲಿಲ್ಲ.

ನನಗೆ ಕೆಟ್ಟ ನಗು ಬಂತು, ತಡೆದುಕೊಂಡೆ. ಮೆಲ್ವಿನ್ ತಡೆಯಲಿಲ್ಲ. "ಮಣ್ಣಿಗೆ ನಾನು ಹೋಗಿದ್ದೆ ಮಾರಾಯ, ನೋಡು. ಪಪ್ಪನೇ ಬರ್ಲಿಲ್ಲ," ಎಂದು ನಗತೊಡಗಿದ. ಆ ನಗು ಎಲ್ಲಿ ತಿರುಗಿತೋ ಗೊತ್ತಾಗಲಿಲ್ಲ. ಇದ್ದವರನ್ನು ತೆಗೆದು, ಇಲ್ಲದವನನ್ನು ಸೇರಿಸಿದ್ದರು. ಈ ದೇಶದ ಸೆನ್ಸಾರಿಗೂ ಇಷ್ಟು ಕೈಚಳಕ ಇರಲಿಲ್ಲ.

ಕತ್ತರಿಸಲು ಹೇಳಿದ್ದು ಗ್ಲಾಡಿಸ್. ಪೂರ್ತಿ ವಿಡಿಯೋ ಸ್ಟುಡಿಯೋದಲ್ಲಿದೆ, ಕಳಿಸುವುದಿಲ್ಲ ಎಂದರು. ಅಕ್ಕ ತಮ್ಮನ ನಡುವೆ ಕೊಂಕಣಿಯಲ್ಲಿ ವಾರಗಟ್ಟಲೆ ಜಗಳ. ನನಗೆ ಭಾಷೆ ಬಾರದು. ಆದರೂ ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಇಂಗ್ಲಿಷ್ ಪದ ತಿಳಿಯುತ್ತಿತ್ತು: ಫೇಸ್. ಕಡೆಗೊಂದು ದಿನ ಆಕೆ ನನಗೇ ಫೋನ್ ಮಾಡಿದರು.

"ನೋಡಿ ರಘು, ನಾನು ಕೆಟ್ಟವಳಾಗಿದ್ದೇನೆ ಅವನಿಗೆ. ಕೊನೆಗೆ ಪಪ್ಪನ ಮುಖ ಊದಿ ಗುರ್ತವೇ ಸಿಗ್ತಿರ್ಲಿಲ್ಲ. ಒಮ್ಮೆ ನೋಡಿದ್ರೆ ಅವನಿಗೆ ಅದೇ ಉಳೀತದೆ. ಒಳ್ಳೆ ಮುಖ ಅವನ ಹತ್ರ ಉಂಟಲ್ಲ, ಅದು ಇರ್ಲಿ ಅಂತ."

ಸೆನ್ಸಾರಿನ ಪರವಾಗಿ ನಾನು ಕೇಳಿದ ಅತ್ಯುತ್ತಮ ವಾದ ಇದು. ನಾನು ವಾದಕ್ಕಿಳಿಯದೆ ಕಂಡದ್ದನ್ನು ಹೇಳಿದೆ: "ಅಕ್ಕಾ, ಭಾನುವಾರ ನಿಮ್ಮ ಮಗಳು ಕಂಪ್ಯೂಟರ್ ಹಾಕ್ತಾಳಲ್ಲ, ಆಗ ಇಲ್ಲಿ ಅಂಕಲ್ ಹೆಸರಿನ ಪಕ್ಕ ಹಸಿರು ದೀಪ ಬರತ್ತೆ. ಇವನು ಅದು ಆರೋವರೆಗೂ ಕೂತಿರ್ತಾನೆ."



"ನೀವು ಜೊತೆಗೆ ಕೂತ್ಕೊಳ್ತೀರಾ?" ಎಂದು ಕೇಳಿದರು ಗ್ಲಾಡಿಸ್. "ಹಾಗಾದ್ರೆ ಕಳಿಸ್ತೇನೆ. ಒಬ್ಬನೇ ನೋಡ್ಬಾರ್ದು ಅವನು."

ಒಪ್ಪಿಕೊಂಡೆ. ಮೀಸೆ ಹೊತ್ತ ಮೆಲ್ವಿನ್‌ಗೆ ಅವನ ಅಕ್ಕ ಕೊಟ್ಟದ್ದು ಹದಿನೈದರ ದರ್ಜೆ. ದೊಡ್ಡವರು ಜೊತೆಗಿದ್ದರೆ ನೋಡಬಹುದು. ಆ ದೊಡ್ಡವನು ನಾನು.

ಸ್ಟುಡಿಯೋದವರು ಪೂರ್ತಿ ವಿಡಿಯೋವನ್ನು ಇಂಟರ್ನೆಟ್ಟಿನಲ್ಲಿ ಕಳಿಸಿದರು. ಒಂದು ಶನಿವಾರ ಮಧ್ಯಾಹ್ನ ನೋಡಿದೆವು. ನನಗೆ ನೆನಪಿರುವುದು ಹೀಗೆ: ಪರದೆ ಎಳೆದಿತ್ತು, ನಾನು ಸೋಫಾದ ಎಡತುದಿಯಲ್ಲಿ, ನನ್ನ ಕೈ ಅವನ ತೋಳಿನ ಮೇಲೆ. ಹೂಗಳಿಲ್ಲ. ಪೆಟ್ಟಿಗೆಯೊಳಗೆ ಅವನ ತಂದೆ, ಕಂದು ಕೋಟು ತೊಟ್ಟು, ಬೆರಳುಗಳಿಗೆ ಜಪಮಾಲೆ ಸುತ್ತಿ. ಮುಖ ಊದಿತ್ತು. ಮೆಲ್ವಿನ್, "ಪಪ್ಪನೇ," ಎಂದ. ಅಷ್ಟೇ. ಸಂಜೆಯ ಹೊತ್ತಿಗೆ ಕಂಪ್ಯೂಟರಿನ ಪಟ್ಟಿಯಿಂದ ಆ ಹೆಸರನ್ನು ಅವನೇ ತೆಗೆದ. ಆ ರಾತ್ರಿ ಹೊಟ್ಟೆ ತುಂಬ ಉಂಡ.

ವರ್ಷಗಳು ಕಳೆದವು. ಗೇಮ್‌ಗಳಿಗೂ ಹದಿನೆಂಟರ ದರ್ಜೆ ಬಂತು. ಆಮೇಲೂ ಕೆಲವು ಗೇಮ್‌ಗಳು ಹೊರಗೇ ಉಳಿದವು. ನನ್ನ ಕಪಾಟಿನ ಗೇಮ್ ಮಾತ್ರ ಹೊಸದಾಗಿ ಪರೀಕ್ಷೆಗೆ ಕೂತು ಪಾಸಾಗಿ, ಕತ್ತರಿಸದೆಯೇ ಮಾಲ್‌ನ ಅಂಗಡಿಯಲ್ಲಿ ಕಾಣಿಸಿಕೊಂಡಿತು. ದೆವ್ವಕ್ಕೂ ಪಿಆರ್ ಸಿಕ್ಕಿತು. ಅಂದಿನಿಂದ ಅದನ್ನು ಆಡುವ ಮನಸ್ಸೇ ಬರಲಿಲ್ಲ. ಮೆಲ್ವಿನ್‌ಗೂ ಪಿಆರ್ ಆಯಿತು. ಊರಿಗೆ ಹೋಗಿ ಸಮಾಧಿಗೆ ಹೂವಿಟ್ಟು ಬಂದ, ಮಾರ್ಟ್‌ಗೇಜ್ ಹೊತ್ತು ಟ್ರುಗನಿನಾದಲ್ಲಿ ಮನೆ ಮಾಡಿದ. ಹೊಸ ಮನೆಯ ಹಜಾರಕ್ಕೆ ಮೊದಲು ಬಂದದ್ದು ಕೊಕ್ಕೆ, ಕೊಕ್ಕೆಗೆ ಕೋಟು.

ಮೊನ್ನೆ ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಶೈಲಾ ಆಂಟಿಯ ಎದುರು ಆ ಮಧ್ಯಾಹ್ನದ ಮಾತು ಬಂತು. ನಾನು ಮೇಲಿನಂತೆಯೇ ವರ್ಣಿಸಿದೆ: ಪರದೆ, ಸೋಫಾ, ಜಪಮಾಲೆ, ಕೋಟು. ಮೆಲ್ವಿನ್ ತಟ್ಟೆಯಿಂದ ತಲೆಯೆತ್ತಿದ.

"ನೀನು ಎಲ್ಲಿದ್ದಿ ಮಾರಾಯ ಅಲ್ಲಿ?"

"ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ."

"ಎಂತ ಪಕ್ಕದಲ್ಲಿ! ಪೆಟ್ಟಿಗೆ ಬರುವಾಗ ನಾನೇ ಅಲ್ವಾ ಹೇಳಿದ್ದು, ನೀನು ಹೊರಗೆ ಹೋಗು, ನಾನೊಬ್ಬನೇ ನೋಡ್ತೇನೆ ಅಂತ? ನೀನು ಹಿತ್ತಿಲಲ್ಲಿ ಬಟ್ಟೆ ಒಣಗಿಸ್ತಾ ಇದ್ದಿ. ಕಿಟಕಿಯಲ್ಲಿ ಕಾಣ್ತಿತ್ತು. ಒಂದೇ ಶರ್ಟಿಗೆ ಎಷ್ಟು ಕ್ಲಿಪ್ ಹಾಕಿದ್ದಿ ಗೊತ್ತುಂಟಾ?"

"ನಿಮ್ಮ ಅಕ್ಕನಿಗೆ ಮಾತು ಕೊಟ್ಟಿದ್ದೆ ಕಣೋ. ನಾನು ನೋಡಿದೀನಿ. ಕೋಟು ಹಾಕಿದ್ರು."

"ಬಿಳಿ ಶರ್ಟು," ಎಂದ ಮೆಲ್ವಿನ್. "ನಮ್ಮೂರಿನ ಸೆಕೆಗೆ ಯಾರು ಕೋಟು ಹಾಕ್ತಾರೆ?"

ಆಂಟಿ ನಕ್ಕರು. ನನಗೆ ನಗು ಬರಲಿಲ್ಲ. ಮೆಟ್ಟಿಲ ಬುಡದಲ್ಲಿ ಗೋಡೆಗೊರಗಿದ್ದವನು ನೆನಪಾದ. ಕಿಟಕಿಯ ಹೊರಗೆ ನಿಂತು, ಒಳಗಿನ ಸದ್ದು ಮಾತ್ರ ಕೇಳಿ, ಆ ಸದ್ದಿಗೊಂದು ದೇಹ ಕೊಟ್ಟು, ಹಜಾರದ ಕೊಕ್ಕೆಯಿಂದ ಕೋಟು ಇಳಿಸಿ ಅದಕ್ಕೆ ತೊಡಿಸಿದ್ದೆನೇ? ಹಾಗಾದರೆ ಊದಿದ ಆ ಮುಖ ಯಾರದು? ನಾನು ಅವರನ್ನು ಕಂಡದ್ದೇ ಇಲ್ಲ. ಆದರೆ ಈಗಲೂ ಕಣ್ಣು ಮುಚ್ಚಿದರೆ ನನ್ನ ಸ್ವಂತ ಅಜ್ಜನಿಗಿಂತ ಸ್ಪಷ್ಟವಾಗಿ ಬರುತ್ತಾರೆ. ಕತ್ತರಿ ಹಾಕುವವರಿಗೆ ಇದು ಗೊತ್ತಿದೆಯೋ ಇಲ್ಲವೋ. ಅವರು ತೆಗೆಯುವುದು ಚಿತ್ರವನ್ನು ಮಾತ್ರ. ಖಾಲಿ ಬಿಟ್ಟ ಜಾಗಕ್ಕೆ ನಾವು ತಂದು ಕೂರಿಸುವುದಕ್ಕೆ ಯಾವ ದರ್ಜೆಯೂ ಇಲ್ಲ.

ಮೆಲ್ವಿನ್ ಊಟ ನಿಲ್ಲಿಸಿ ಎತ್ತಲೋ ನೋಡುತ್ತಿದ್ದ.

"ಎಂತ ಮಾಡಿಟ್ಟೆ ಮಾರಾಯ ನೀನು," ಎಂದ ಮೆಲ್ಲಗೆ. "ಈಗ ನಂಗೂ ಕೋಟೇ ಕಾಣ್ತದೆ."

ಆ ವಿಡಿಯೋ ಅವನ ಬಳಿ ಇನ್ನೂ ಇದೆ. ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಶರ್ಟೋ ಕೋಟೋ ಇತ್ಯರ್ಥವಾಗುತ್ತದೆ. ತಡೆಯುವ ಅಕ್ಕನಿಲ್ಲ, ಕೇಳುವ ಕಸ್ಟಮ್ಸ್ ಇಲ್ಲ. ಮೂವರೂ ವಯಸ್ಕರು, ಮೂವರೂ ಈ ದೇಶದಲ್ಲಿ ಖಾಯಂ.

"ಹಾಕಿ ನೋಡೋಣವಾ?" ಎಂದೆ.

ಅವನು ಹಜಾರದ ಕಡೆಗೊಮ್ಮೆ ನೋಡಿದ. ಹೊರಗೆ ಮೆಲ್ಬರ್ನಿನ ಜುಲೈ ಗಾಳಿ ಬಾಗಿಲನ್ನು ತಳ್ಳುತ್ತಿತ್ತು.

"ಬೇಡ ಬಿಡು," ಎಂದ. "ಕೋಟಲ್ಲೇ ಇರ್ಲಿ. ಅವರಿಗೆ ಈ ಚಳಿ ಅಭ್ಯಾಸ ಇಲ್ಲ."

ಹೊರಡುವಾಗ ಹಜಾರದಲ್ಲಿ ಆ ಕೋಟಿನ ಪಕ್ಕದಲ್ಲೇ ಹಾಯಬೇಕಾಯಿತು. ಈ ಸಲ ಬೆಚ್ಚಲಿಲ್ಲ. ಹಿರಿಯರು ನಿಂತಿರುವಾಗ ಮಾಡುವಂತೆ, ತಾಗದ ಹಾಗೆ ಒಂಚೂರು ಬದಿಗೆ ಸರಿದು ದಾಟಿದೆ. ಬರುವಂತಿರಲಿಲ್ಲ, ಬಂದಿದ್ದಾರೆ. ಇರಲಿ.